ಮೊದಲ ಸಲ ಓಡಿಸುವ ಮುಂಚೆ ಮನೆಯವರನ್ನು ಕರೆಯಿರಿ

ಕಳೆದ ಮಾರ್ಚ್‌ನಲ್ಲಿ ಶಿಕಾಗೊ ಹತ್ತಿರದ ಜೋಲಿಯೆಟ್ ಕಡೆಯ ಒಂದು ಮನೆಯಿಂದ ಸೀಬರ್ಗ್ ಕೆಡಿ200 ಜ್ಯೂಕ್‌ಬಾಕ್ಸ್, ಅಂದರೆ ಕಾಸು ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು ನುಡಿಸುವ ಯಂತ್ರ, ನನ್ನ ಗ್ಯಾರೇಜಿಗೆ ಬಂತು. 1957ರ ಮಾಡೆಲ್. ಆ ಕಾಲದ ಅಮೆರಿಕನ್ ಕಾರುಗಳಿಗೆ ಇರುತ್ತಿತ್ತಲ್ಲ, ಅಂಥದೇ ಕ್ರೋಮ್, ಅಂಥವೇ ಕೆಂಪು ಲೈಟು. ಒಳಗೆ 45 ಆರ್‌ಪಿಎಂನ ನೂರು ಗ್ರಾಮಫೋನ್ ಪ್ಲೇಟು, ಎರಡೂ ಮಗ್ಗುಲು ಸೇರಿ ಇನ್ನೂರು ಹಾಡು. ಇಳಿಸಲು ಬಂದಿದ್ದ ಹುಡುಗ ಹಿಂದುಗಡೆ ಸುತ್ತಿಟ್ಟಿದ್ದ ವೈರ್ ಬಿಚ್ಚಿ, ಪ್ಲಗ್ ಹಿಡಿದು, 'ಒಂದ್ಸಲ ಹಾಕಿ ನೋಡೋಣವಾ?' ಅಂದ. ಅವನ ಕೈಯಿಂದ ಕಿತ್ತುಕೊಂಡೆ. ಪಾಪ, ಅವನಿಗೆ ಬೇಜಾರಾಗಿರಬೇಕು. ಆದರೆ 1976ರಿಂದ ನೆಲಮಾಳಿಗೆಯಲ್ಲಿ ಮಲಗಿದ್ದ ಯಂತ್ರಕ್ಕೆ ಮೊದಲ ಕರೆಂಟು ಕೊಡುವ ಗಳಿಗೆ ಒಂದೇ ಒಂದು ಸಲ ಬರುತ್ತದೆ. ಅದನ್ನು ನಾನು ಹಿಂದೊಮ್ಮೆ ಹಾಳು ಮಾಡಿದ್ದೇನೆ. ಇದನ್ನು ಬರೆಯುತ್ತಿರುವುದೂ ಆ ಕಾರಣಕ್ಕೇ.

ನನ್ನ ಕೆಲಸ ಇದೇ. ಹನ್ನೊಂದು ವರ್ಷದಿಂದ ಶಿಕಾಗೊ ಹೊರವಲಯದ ಮನೆಯ ಗ್ಯಾರೇಜಿನಲ್ಲಿ ಹಳೇ ಜ್ಯೂಕ್‌ಬಾಕ್ಸ್ ರಿಪೇರಿ ಮಾಡುತ್ತೇನೆ. ಈ ಕೆಲಸಕ್ಕೆ ಇದು ತವರೂರು. ಸೀಬರ್ಗ್ ಕಂಪನಿ ಹುಟ್ಟಿದ್ದು ಇಲ್ಲಿ, ಇನ್ನೊಂದು ಜ್ಯೂಕ್‌ಬಾಕ್ಸ್ ಕಂಪನಿ ರಾಕ್-ಓಲಾ ಹುಟ್ಟಿದ್ದೂ ಇಲ್ಲಿ. (ರಾಕ್-ಓಲಾ ಅಂದರೆ ರಾಕ್ ಸಂಗೀತದಿಂದ ಬಂದ ಹೆಸರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಅದನ್ನು ಕಟ್ಟಿದ ಡೇವಿಡ್ ರಾಕೋಲಾ ಅವರ ಮನೆತನದ ಹೆಸರು ಅದು.) ನಾನು ಕೆಲಸ ಕಲಿತದ್ದು ಮಾತ್ರ ಮೈಸೂರಿನಲ್ಲಿ, ಸೋದರಮಾವನ ರೇಡಿಯೊ ಅಂಗಡಿಯಲ್ಲಿ. ಸ್ಕೂಲು ಬಿಟ್ಟ ಮೇಲೆ ಅಲ್ಲೇ ಕೂತು ಮರ್ಫಿ, ಬುಷ್ ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ಕೊಳವೆ) ಸೆಟ್ಟುಗಳ ಧೂಳು ಹೊಡೆಯುತ್ತಿದ್ದೆ. ಸೆಟ್ಟಿನ ಹಿಂದಿನ ರಟ್ಟು ಬಿಚ್ಚಿದ ಕೂಡಲೇ ನಾನು ಟೆಸ್ಟರ್ ತೆಗೆದರೆ ಮಾವ ಕೈಗೆ ಒಂದೇಟು ಕೊಡುತ್ತಿದ್ದರು. 'ಕೈ ಹಾಕ್ಬೇಡ್ವೋ. ಮೊದ್ಲು ನೋಡು. ಆಮೇಲೆ ಮೂಸು. ಆಮೇಲೂ ಗೊತ್ತಾಗ್ಲಿಲ್ಲ ಅಂದ್ರೆ ಟೆಸ್ಟರ್.'

ಈಗಲೂ ಹಾಗೇ ಮಾಡುತ್ತೇನೆ. ಕೆಡಿ200ರ ಹಿಂಬಾಗಿಲು ತೆಗೆದು, ಟಾರ್ಚ್ ಹಿಡಿದು, ಅರ್ಧ ದಿನ ಬರೀ ನೋಡಿದೆ. ಫೋಟೊ ತೆಗೆದೆ. ಇಲಿ ಕಡಿದ ವೈರು ಎರಡು ಕಡೆ. ಆಂಪ್ಲಿಫೈಯರ್ ಚಾಸಿಯ ಕೆಳಗೆ ಮೇಣ ಸೋರಿ ಗಟ್ಟಿಯಾದ ಕಲೆ. ಬಾಗಿಲ ಒಳಮೈಯಲ್ಲಿ ಯಾರೋ ಮೆಕ್ಯಾನಿಕ್ ಪೆನ್ಸಿಲ್‌ನಲ್ಲಿ ತಾರೀಕು ಬರೆದು ಇಟ್ಟಿದ್ದ: ಸೂಜಿ ಬದಲಾಯಿಸಿದ್ದು, ಒಂದು ವಾಲ್ವ್ ಬದಲಾಯಿಸಿದ್ದು, ಮೋಟರ್‌ಗೆ ಎಣ್ಣೆ ಬಿಟ್ಟದ್ದು. ಏಳು ಸಾಲು, ಕೊನೆಯದು 1971. ಅಷ್ಟು ಸಾಲು ಓದಿದರೆ ಸಾಕು, ಯಂತ್ರದ ಅರ್ಧ ಕಥೆ ಸಿಕ್ಕಿಬಿಡುತ್ತದೆ. ನನ್ನ ಅನುಭವದಲ್ಲಿ ಇಂಥ ಯಂತ್ರಗಳಿಗೆ ವಯಸ್ಸು ಮಾಡಿದ ಹಾನಿಗಿಂತ, ಆಮೇಲೆ ಅವಸರದಲ್ಲಿ ಕೈ ಹಾಕಿದವರು ಮಾಡಿದ ಹಾನಿ ದೊಡ್ಡದು. ಗೇರ್ ಸಿಕ್ಕಿಕೊಂಡಿದೆ ಅಂತ ಸ್ಪ್ರೇ ಎಣ್ಣೆ ಹೊಡೆದಿರುತ್ತಾರೆ. ನಾಲ್ಕು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಆ ಎಣ್ಣೆಯ ತೆಳು ಭಾಗ ಆರಿಹೋಗಿ, ಉಳಿದದ್ದು ಹಳೇ ಗ್ರೀಸಿಗೆ ಸೇರಿ ಅರಗಿನ ಹಾಗೆ ಕಚ್ಚಿಕೊಳ್ಳುತ್ತದೆ. ಪುಣ್ಯಕ್ಕೆ ಈ ಯಂತ್ರಕ್ಕೆ ಆ ಗತಿ ಬಂದಿರಲಿಲ್ಲ.

ಮನೆಯಲ್ಲಿ ಇಂಥ ಯಂತ್ರ ಇಟ್ಟುಕೊಂಡವರಿಗಾಗಿ ಕಂಡೆನ್ಸರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗಿನ ಕಂಡೆನ್ಸರ್ ಅಂದರೆ ಕಾಗದ, ತಗಡು ಸುರುಳಿ ಸುತ್ತಿ ಮೇಣ ಹಾಕಿ ಮುಚ್ಚಿದ ಕೊಳವೆ. ಒಂದು ವಾಲ್ವಿನಿಂದ ಮುಂದಿನ ವಾಲ್ವಿಗೆ ಹಾಡಿನ ಸಿಗ್ನಲ್ ಮಾತ್ರ ದಾಟಿಸಿ, ಹಿಂದಿನ ವಾಲ್ವಿನ ಪ್ಲೇಟಿನಲ್ಲಿರುವ (ಹಾಡಿನ ಪ್ಲೇಟಲ್ಲ, ವಾಲ್ವಿನೊಳಗಿನ ಲೋಹದ ತಗಡು) ಡಿಸಿ ವೋಲ್ಟೇಜನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ವರ್ಷ ಕಳೆದಂತೆ ಕಾಗದ ತೇವ ಹೀರುತ್ತದೆ, ತಡೆ ಸಡಿಲವಾಗುತ್ತದೆ. ಡಿಸಿ ಸ್ವಲ್ಪ ಸ್ವಲ್ಪವೇ ಸೋರಿ ಪವರ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ಕರೆಂಟನ್ನು ಹದದಲ್ಲಿಡುವ ಜಾಲರಿಗೆ, ಬಂದು ಕೂರುತ್ತದೆ. ಆಗ ಆ ವಾಲ್ವ್ ಹದ ಮೀರಿ ಕರೆಂಟು ಎಳೆಯುತ್ತದೆ. ಒಳಗಿನ ಪ್ಲೇಟು ಕೆಂಡದ ಹಾಗೆ ಕೆಂಪಗಾಗುತ್ತದೆ, ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕಂಡೆನ್ಸರ್ ಇವತ್ತೂ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಎಲ್ಲಿ ಹುಡುಕುತ್ತೀರಿ? ಪ್ಲಗ್ ಕಿತ್ತುಕೊಂಡದ್ದಕ್ಕೆ ಇದು ಮೊದಲ ಕಾರಣ.

ಆದ್ದರಿಂದ ಆಂಪ್ಲಿಫೈಯರನ್ನು ಪೆಟ್ಟಿಗೆಯಿಂದ ಬೇರೆ ಮಾಡಿ, ಮೇಣದ ಕಂಡೆನ್ಸರ್ ಎಲ್ಲವನ್ನೂ, ಒಣಗಿದ ಫಿಲ್ಟರ್ ಕಂಡೆನ್ಸರ್‌ಗಳನ್ನೂ ಬದಲಾಯಿಸಿ, ಮೌಲ್ಯ ಏರಿದ್ದ ರೆಸಿಸ್ಟರ್ ಹುಡುಕಿ ತೆಗೆದು, ಆಮೇಲೆ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟೆ. ನಮ್ಮ ಕಡೆ ರೇಡಿಯೊ ಅಂಗಡಿಯವರೆಲ್ಲ ಇಟ್ಟುಕೊಂಡಿರುತ್ತಿದ್ದ ಅದೇ ಸೀರೀಸ್ ಬೋರ್ಡು. ಮರದ ಹಲಗೆಯ ಮೇಲೆ ಒಂದು ಹೋಲ್ಡರ್, ನೂರು ವಾಟಿನ ಹಳೇ ಬಲ್ಬು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಎಲ್ಲ ಸರಿ ಇದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಇಲ್ಲಿಯ ಗೆಳೆಯರ ಹತ್ತಿರ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸುವ ದುಬಾರಿ ವೇರಿಯಾಕ್ ಇದೆ, ನನ್ನ ಹತ್ತಿರವೂ ಇದೆ. ಆದರೂ ಮೊದಲ ಕರೆಂಟು ಕೊಡುವಾಗ ನನಗೆ ಬಲ್ಬಿನ ಮುಖ ಕಾಣಬೇಕು. ಈ ಸಲ ಮಿನುಗಿ ಮಂಕಾಯಿತು.

ಇಂಥ ಯಂತ್ರದೊಳಗಿನ ಟ್ಯೂಬ್‌ಲೈಟಿನ ಹಳೇ ಚೋಕ್ ಬಗ್ಗೆ ಒಂದು ಮಾತು. ಆಗಿನ ಚೋಕ್‌ಗಳ ಕಂಡೆನ್ಸರ್‌ನಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವ ಸಾಧ್ಯತೆ ಹೆಚ್ಚು. ಅಮೆರಿಕ ಅದನ್ನು ತಯಾರಿಸುವುದನ್ನು ನಿಷೇಧಿಸಿದ್ದು 1979ರಲ್ಲಿ. ಚೋಕ್ ಒದ್ದೆಯಾಗಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮನೆಯ ಕಸಕ್ಕೂ ಹಾಕಬೇಡಿ.

ಮೆಕ್ಯಾನಿಸಂ ಬಿಚ್ಚಿ ತೊಳೆಯುವುದಕ್ಕೆ ಮೂರು ವಾರ ಹಿಡಿಯಿತು. ಸೀಬರ್ಗ್‌ನಲ್ಲಿ ಪ್ಲೇಟುಗಳು ದೋಸೆಯ ಹಾಗೆ ಒಂದರ ಮೇಲೊಂದು ಮಲಗಿರುವುದಿಲ್ಲ. ಕಪಾಟಿನ ಪುಸ್ತಕದ ಹಾಗೆ ಸಾಲಾಗಿ ನಿಂತಿರುತ್ತವೆ. ಅವುಗಳ ಮುಂದೆ ಕಂಬಿಯ ಮೇಲೆ ಒಂದು ಗಾಡಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ. ಬೇಕಾದ ಪ್ಲೇಟಿನ ಎದುರು ನಿಂತು, ಎತ್ತಿ, ಹಿಡಿಯಲ್ಲಿ ಕಚ್ಚಿ, ನಿಂತ ನಿಲುವಿನಲ್ಲೇ ನುಡಿಸುತ್ತದೆ. ಎರಡೂ ಮಗ್ಗುಲಿಗೆ ಬೇರೆ ಬೇರೆ ಸೂಜಿ. ಈ ಗಾಡಿಯ ಗೇರುಗಳಲ್ಲಿ ಗ್ರೀಸು ಬೆಲ್ಲದ ಪಾಕ ಹೆಪ್ಪುಗಟ್ಟಿದ ಹಾಗೆ ಕೂತಿತ್ತು. ಮರದ ಕಡ್ಡಿಯಿಂದ ಕೆರೆದು, ಸ್ಪಿರಿಟ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ, ಒಂದೊಂದೇ ಶಾಫ್ಟ್ ಬೆರಳಲ್ಲಿ ತಿರುಗಿಸಿ ನೋಡಿ ಜೋಡಿಸಿದೆ. ಒಂದೇ ಎಚ್ಚರಿಕೆ: ಶಾಫ್ಟ್‌ಗೆ ಆಧಾರವಾಗಿ ಎಣ್ಣೆ ಕುಡಿದ ಕಂಚಿನ ಬುಷ್‌ಗಳಿರುತ್ತವೆ, ಅವನ್ನು ತೊಳೆದರೆ ಒಳಗಿನ ಎಣ್ಣೆಯೂ ಹೋಗುತ್ತದೆ. ಮತ್ತೆ ಎಣ್ಣೆಯಲ್ಲಿ ನೆನೆಹಾಕದೆ ಜೋಡಿಸಿದರೆ ವರ್ಷದೊಳಗೆ ಕಿರುಗುಟ್ಟುತ್ತವೆ.

ಇನ್ನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಈ ಯಂತ್ರದಲ್ಲಿ ಟಾರ್ಮ್ಯಾಟ್ ಅಂತ ಒಂದು ಡಬ್ಬಿ ಇದೆ. ಸೀಬರ್ಗ್ ಅದನ್ನು ಮೊದಲು ತಂದದ್ದು 1955ರಲ್ಲಿ, ವಿ200 ಮಾಡೆಲ್‌ನಲ್ಲಿ. ಅದರೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಪುಟ್ಟ ಉಂಗುರಗಳು, ಒಂದೊಂದು ಹಾಡಿಗೆ ಒಂದೊಂದು. ಕಾಸು ಹಾಕಿ ಗುಂಡಿ ಒತ್ತಿದರೆ ಆ ಹಾಡಿನ ಉಂಗುರದ ವೈರಿನಲ್ಲಿ ಕರೆಂಟಿನ ಒಂದು ತುಡಿತ ಹರಿದು, ಅದರ ಕಾಂತದ ದಿಕ್ಕು ತಿರುಗಿ ನಿಲ್ಲುತ್ತದೆ. ಗಾಡಿ ಸಾಗುತ್ತಾ ಪ್ರತಿ ಉಂಗುರವನ್ನೂ ಇನ್ನೊಂದು ತುಡಿತದಿಂದ ವಿಚಾರಿಸುತ್ತದೆ. ತಿರುಗಿ ನಿಂತ ಉಂಗುರ ಸಿಕ್ಕಿತೋ, ಅದು ಮೊದಲಿನ ದಿಕ್ಕಿಗೆ ಮರಳುತ್ತದೆ. ಮರಳುವಾಗ ಏಳುವ ಸಣ್ಣ ಸಿಗ್ನಲ್ ಗಾಡಿಯನ್ನು ಅಲ್ಲೇ ನಿಲ್ಲಿಸುತ್ತದೆ. ಇಲ್ಲಿ ಎರಡು ಮಾತು ಗಮನಿಸಿ. ಕಾಂತದ ದಿಕ್ಕು ಉಳಿಯುವುದಕ್ಕೆ ಕರೆಂಟು ಬೇಡ, ಪ್ಲಗ್ ಕಿತ್ತರೂ ಉಂಗುರ ಮರೆಯುವುದಿಲ್ಲ. ಎರಡನೆಯದು, ಒಮ್ಮೆ ಓದಿದರೆ ಅಳಿಸಿಹೋಗುತ್ತದೆ.

ನಾನು ಈ ಕೆಲಸ ಶುರು ಮಾಡಿದ ಎರಡನೇ ವರ್ಷ, ಇಂಥದೇ ಯಂತ್ರವೊಂದನ್ನು ಸರಿಮಾಡಿ, ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗ್ಯಾರೇಜಿನಲ್ಲಿ ಒಬ್ಬನೇ ಓಡಿಸಿದೆ. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಗಾಡಿ ಹೊರಟು, ನಿಂತು, ಒಂದು ಪ್ಲೇಟು ಎತ್ತಿ ನುಡಿಸಿತು. ಮುಗಿಸಿ ಮುಂದೆ ಹೋಗಿ ಇನ್ನೊಂದು. ಹಾಗೆ ಆರು ಹಾಡು. ಸರ್ಕ್ಯೂಟಿನಲ್ಲಿ ಎಲ್ಲೋ ದೋಷ, ಸುಮ್ಮನೆ ಟ್ರಿಪ್ ಆಗಿ ಗಾಡಿಯನ್ನು ನಿಲ್ಲಿಸುತ್ತಿದೆ ಅಂದುಕೊಂಡೆ. ಮರುದಿನ ಮತ್ತೆ ಓಡಿಸಿದರೆ ಎಲ್ಲೂ ನಿಲ್ಲಲಿಲ್ಲ. 'ಸರಿಹೋಯಿತು' ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಆ ಬರಹ ಇನ್ನೂ ಇದೆ.

ಯಂತ್ರ ತೆಗೆದುಕೊಂಡು ಹೋಗಲು ಬಂದವರು ಅರವತ್ತರ ಆಸುಪಾಸಿನ ಹೆಂಗಸು. ಅವರ ತಂದೆ ಒಂದು ಸಣ್ಣ ಬಾರ್ ನಡೆಸುತ್ತಿದ್ದರಂತೆ. ಬಾಗಿಲು ಹಾಕಿದ ಕೊನೆಯ ದಿನ ಊರಿನವರೆಲ್ಲ ಬಂದು, ಕಾಸು ಹಾಕುತ್ತಾ ಹೋದರಂತೆ, ನಡುವೆ ಕರೆಂಟು ಹೋಯಿತಂತೆ. ಅವರು ಅದನ್ನು ಹೇಳುವಾಗಲೇ ನನಗೆ ಹೊಳೆದದ್ದು, ಆ ಆರು ಹಾಡು ಅಂದು ಕಾಸು ಹಾಕಿಯೂ ನುಡಿಯದೆ ಉಳಿದವು ಅಂತ. ಮುಚ್ಚಿಡಬೇಕು ಅನ್ನಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬಹಳ ಹೊತ್ತು ಯಂತ್ರದ ಗಾಜಿನ ಮೇಲೆ ಕೈ ಇಟ್ಟು ನಿಂತಿದ್ದರು. ಆಮೇಲೆ, 'ಯಾವ ಹಾಡು ಅಂತ ನೆನಪಿದೆಯಾ?' ಅಂದರು. ನನಗೆ ನೆನಪಿರಲಿಲ್ಲ. ಪ್ಲೇಟಿನ ಶಬ್ದದಲ್ಲಿ ಗುಂಯ್‌ಗುಡುವಿಕೆ ಇದೆಯಾ ಅಂತ ಕೇಳುತ್ತಿದ್ದೆನೇ ಹೊರತು ಹಾಡನ್ನು ಕೇಳಿರಲಿಲ್ಲ.

ಮಾವ ಹೇಳಿಕೊಟ್ಟಂತೆ ನೋಡಿದ್ದೆ, ಮೂಸಿದ್ದೆ, ಎಲ್ಲ ಮಾಡಿದ್ದೆ. ಯಂತ್ರದ ಮನೆಯವರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಅಂದಿನಿಂದ ಟಾರ್ಮ್ಯಾಟ್ ಇರುವ ಯಂತ್ರ ಬಂದರೆ ನನ್ನ ಕ್ರಮ ಬೇರೆ. ಡಬ್ಬಿಗೆ ಓಮ್‌ಮೀಟರ್ ಹಚ್ಚುವುದಿಲ್ಲ, ಮೀಟರಿನ ಒಳಗಿನ ಬ್ಯಾಟರಿಯ ಕರೆಂಟೇ ಉಂಗುರವನ್ನು ಕದಡಬಹುದು. ಡಬ್ಬಿಯ ಕನೆಕ್ಟರ್ ಬಿಚ್ಚಿಟ್ಟು, ಸರ್ವಿಸ್ ಸ್ವಿಚ್ಚಿನಿಂದ ಕೈಯಾರೆ ಟ್ರಿಪ್ ಕೊಟ್ಟು ಮೆಕ್ಯಾನಿಸಂ ಪರೀಕ್ಷೆ ಮಾಡುತ್ತೇನೆ. ಪ್ಲೇಟುಗಳನ್ನು ತೆಗೆಯುವ ಮುಂಚೆ ಪ್ರತಿ ಗೂಡಿನ ನಂಬರು ಬರೆದ ಕವರಿನಲ್ಲಿ ಹಾಕಿ, ಹಾಗೇ ವಾಪಸ್ ಇಡುತ್ತೇನೆ. ಎಲ್ಲ ಸರಿಯಾದ ಮೇಲೆ ಮನೆಯವರಿಗೆ ಫೋನ್ ಮಾಡುತ್ತೇನೆ. ಬರುವ ತನಕ ಡಬ್ಬಿ ಜೋಡಿಸುವುದಿಲ್ಲ. ಎಷ್ಟೋ ಸಲ ಒಳಗೆ ಏನೂ ಉಳಿದಿರುವುದಿಲ್ಲ, ಗಾಡಿ ಈ ತುದಿಯಿಂದ ಆ ತುದಿಗೆ ಸುಮ್ಮನೆ ಹೋಗಿಬಿಡುತ್ತದೆ. ಅದನ್ನೂ ಅವರಿಗೆ ಮೊದಲೇ ಹೇಳಿರುತ್ತೇನೆ.

ಜೋಲಿಯೆಟ್‌ನವರು ಜೂನ್ ತಿಂಗಳ ಒಂದು ಶನಿವಾರ ಬಂದರು. ಎಪ್ಪತ್ತು ದಾಟಿದ ಅಕ್ಕ, ಅವರ ತಮ್ಮ. ಅವರ ಅಪ್ಪ ಅಮ್ಮ ನಡೆಸುತ್ತಿದ್ದ ಊಟದ ಹೋಟೆಲಿನ ಯಂತ್ರ ಅದು. ನನ್ನ ಹೆಂಡತಿ ಗ್ಯಾರೇಜಿನಲ್ಲೇ ಎರಡು ಕುರ್ಚಿ ಹಾಕಿ ಕಾಫಿ ಕೊಟ್ಟಳು. ಕನೆಕ್ಟರ್ ಒತ್ತಿದೆ, ವಾಲ್ವ್ ಬಿಸಿಯಾಗುವ ತನಕ ಸುಮ್ಮನಿದ್ದೆ, ಸ್ವಿಚ್ ತಿರುಗಿಸಿದೆ. ಗಾಡಿ ಹೊರಟಿತು. ಅರ್ಧ ದಾರಿ ದಾಟಿತು. ಟಕ್ ಅಂತ ನಿಂತಿತು.

ತಮ್ಮ ಎದ್ದು ನಿಂತರು. ಪ್ಲೇಟು ಮೇಲೆದ್ದು ಹಿಡಿಗೆ ಬಂತು, ಸೂಜಿ ಕೂತಿತು. ಎರಡು ಸಾಲು ಹಾಡು ಬರುವಷ್ಟರಲ್ಲಿ ಅಕ್ಕ, 'ಇದು ಅಮ್ಮ' ಅಂದರು. ಬಾಗಿಲು ಹಾಕುವ ಮುಂಚೆ ನೆಲ ಒರೆಸುವಾಗ ಅವರ ಅಮ್ಮ ದಿನಾ ಇದೊಂದೇ ಹಾಡು ಹಾಕಿಕೊಳ್ಳುತ್ತಿದ್ದರಂತೆ. ಹಾಡು ಮುಗಿದ ಮೇಲೆ ಗಾಡಿ ತುದಿಯ ತನಕ ಹೋಯಿತು, ವಾಪಸ್ ಬಂತು, ಬೇರೆಲ್ಲೂ ನಿಲ್ಲಲಿಲ್ಲ. ಒಂದೇ ಹಾಡು ಉಳಿದಿದ್ದದ್ದು. ಇನ್ನೊಮ್ಮೆ ಕೇಳುವಿರಾ, ಗುಂಡಿ ಒತ್ತಲೇ ಅಂದೆ. ತಮ್ಮ ಹೂಂ ಅನ್ನುವಷ್ಟರಲ್ಲಿ ಅಕ್ಕ ಬೇಡ ಅಂದರು.

ಅವರು ಹೋದ ಮೇಲೆ ಪೆನ್ಸಿಲ್ ತೆಗೆದುಕೊಂಡು ಬಾಗಿಲ ಒಳಮೈಯಲ್ಲಿ, 1971ರ ಸಾಲಿನ ಕೆಳಗೆ ಬರೆದೆ: ತಾರೀಕು, ಬದಲಾಯಿಸಿದ ಕಂಡೆನ್ಸರ್‌ಗಳು, ಹೊಸ ಮೂರು ಪಿನ್ನಿನ ವೈರು, ಫ್ಯೂಸು, ಸೂಜಿ, ಗೇರಿಗೆ ಹಾಕಿದ ಎಣ್ಣೆಯ ಹೆಸರು. ಅದರ ಕೆಳಗೆ, ಒಳಗೆ ಉಳಿದಿದ್ದ ಹಾಡಿನ ಗೂಡಿನ ನಂಬರು.