ಸೊನ್ನೆಯಿಂದ ನೂರಕ್ಕೆ

ಸ್ಪೋರ್ಟ್ಸ್ ಕಾರಿನ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಮೊದಲು ಬರುವ ಮಾತು ಇದೇ: ನಿಂತ ಕಾರು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು, ಅಂದರೆ ಸೊನ್ನೆಯಿಂದ 100ಕ್ಕೆ, ಎಷ್ಟು ಸೆಕೆಂಡು? ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಲು ಯಾರಿಗೆ ಬರುವುದಿಲ್ಲ ಹೇಳಿ! ಕಾರಿನ ಗುಣ ಗೊತ್ತಾಗುವುದು ತಿರುವಿನಲ್ಲೇ.

ಪೋರ್ಷೆ 911 ನೋಡಿ. ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತಿದೆ. ಹಾಗಾಗಿ ಹೊರಡುವಾಗ ಹಿಂದಿನ ಟೈರಿಗೆ ಭರ್ಜರಿ ಹಿಡಿತ. ಆದರೆ ಹಳೆಯ 911ನಲ್ಲಿ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರೋ, ಭಾರ ಮುಂದಕ್ಕೆ ಹೋಗಿ ಹಿಂಭಾಗ ಹೊರಕ್ಕೆ ಜಾರಿಬಿಡುತ್ತದೆ.

1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ಗೆ ಇದ್ದದ್ದು ಬರೀ 1.6 ಲೀಟರ್ ಎಂಜಿನ್, ತೂಕ ಸಾವಿರ ಕೆಜಿಯ ಆಸುಪಾಸು. ಸ್ಟೀರಿಂಗ್ ಸ್ವಲ್ಪ ಅಲ್ಲಾಡಿಸಿದರೆ ಸಾಕು, ಮೂತಿ ತಿರುಗಿರುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ಅದು ಸೋಲುತ್ತದೆ, ಒಪ್ಪಿದೆ. ಆದರೂ ನನ್ನ ವೋಟು ಅದಕ್ಕೇ.