ಗೆರೆ ಸೊನ್ನೆಗೆ ಮರಳಿತೇ?

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಕಲಿಸುವ ಅಭ್ಯಾಸವೊಂದಿದೆ: ಶಾಟ್ (ಪ್ಲಾಸ್ಮಾ ಹೊತ್ತಿಸಿ ಆರುವವರೆಗಿನ ಒಂದು ಪ್ರಯೋಗ) ಮುಗಿದ ಕೂಡಲೇ ಎಲೆಕ್ಟ್ರಾನ್ ಸಾಂದ್ರತೆಯ ಗೆರೆಯ ಬಾಲವನ್ನು, ಅಂದರೆ ಪ್ಲಾಸ್ಮಾ ಆರಿದ ಮೇಲಿನ ತುದಿಯನ್ನು ನೋಡಿ, ಶಿಖರವನ್ನು ಆಮೇಲೆ ನೋಡಿದರಾಯಿತು.

ಪ್ಲಾಸ್ಮಾ ಎಂದರೆ ಎಲೆಕ್ಟ್ರಾನುಗಳು ಬಿಡಿಯಾಗಿರುವ ಬಿಸಿ ಅನಿಲ, ಅದನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರವೇ ಟೋಕಮಾಕ್. ಅದರೊಳಗಿನ ಪ್ಲಾಸ್ಮಾ ಲಕ್ಷಾಂತರ ಡಿಗ್ರಿ ಕಾದಿರುತ್ತದೆ. ಅದರ ನಡುಭಾಗಕ್ಕೆ ಕಡ್ಡಿ ತೂರಿಸಿ ಅಳೆಯುವಂತಿಲ್ಲ. ಆದ್ದರಿಂದ ಒಂದು ಕಿಟಕಿಯಿಂದ ಮೈಕ್ರೋವೇವ್ ಕಳುಹಿಸಿ ಎದುರಿನ ಕಿಟಕಿಯಲ್ಲಿ ಹಿಡಿಯುತ್ತೇವೆ. ದಾರಿಯಲ್ಲಿ ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಅಲೆಯ ಫೇಸ್ (ಏರಿಳಿತದಲ್ಲಿ ಅಲೆ ಇರುವ ಹಂತ) ಹೆಚ್ಚು ಸರಿಯುತ್ತದೆ. ಪ್ಲಾಸ್ಮಾವನ್ನು ಮುಟ್ಟದೆ ಬಂದ ಇನ್ನೊಂದು ಅಲೆಯೊಂದಿಗೆ ಅದನ್ನು ಹೋಲಿಸುವುದೇ ಇಂಟರ್‌ಫೆರೋಮೀಟರ್‌ನ ಕೆಲಸ. ಫೇಸ್ ಮಾತ್ರ ಗಡಿಯಾರದ ಮುಳ್ಳಿನಂತೆ, ಪೂರ್ತಿ ಸುತ್ತು ಬಂದರೆ ಮತ್ತೆ ಅದೇ ಜಾಗ. ಎಷ್ಟು ಸುತ್ತಾಯಿತು ಎಂದು ಸಾಫ್ಟ್‌ವೇರ್ ಎಣಿಸುತ್ತಿರಬೇಕು.

ಗಾಂಧಿನಗರದ ಆದಿತ್ಯ ಟೋಕಮಾಕ್‌ನಷ್ಟು ಗಾತ್ರದ, ಸುಮಾರು ಅರ್ಧ ಮೀಟರ್ ಅಡ್ಡಳತೆಯ ಪ್ಲಾಸ್ಮಾ ಎಂದುಕೊಳ್ಳಿ. 100 ಗಿಗಾಹರ್ಟ್ಜ್ ಅಲೆ ಅದರ ನಡುವೆ ಹಾದರೆ, ಸರಾಸರಿ ಸಾಂದ್ರತೆ ಘನ ಮೀಟರಿಗೆ ಸುಮಾರು 1.5 × 10¹⁸ ಎಲೆಕ್ಟ್ರಾನ್ ಏರಿದಾಗಲೆಲ್ಲ ಒಂದು ಸುತ್ತು. ಸಾಂದ್ರತೆ 10¹⁹ ಇದ್ದರೆ ಏಳಕ್ಕಿಂತ ಸ್ವಲ್ಪ ಕಡಿಮೆ. ಒಂದು ಸುತ್ತು ತಪ್ಪಿತೋ, ಶೇ 15ರಷ್ಟು ಸಾಂದ್ರತೆ ಲೆಕ್ಕದಿಂದಲೇ ಮಾಯ.

ಅನಿಲ ಊದಿದಾಗ ಸಾಂದ್ರತೆ ಸರ್ರನೆ ಏರುತ್ತದೆ, ಅಲೆ ಬಾಗಿ, ಅದನ್ನು ಹಿಡಿಯುವ ಹಾರ್ನ್ ಆಂಟೆನಾದಿಂದ ಆಚೆ ಸರಿಯುತ್ತದೆ, ಸಂಕೇತ ಸೊರಗುತ್ತದೆ. ಎಣಿಕೆ ಜಾರುವುದು ಅಲ್ಲೇ. ಮುಂದಿನ ಗೆರೆ ನುಣುಪಾಗಿ, ನಂಬುವ ಹಾಗೆಯೇ ಸಾಗುತ್ತದೆ! ಅನಿಲ ಊದಿದ ಮರುಕ್ಷಣ ಸಾಂದ್ರತೆ ಕುಸಿದಂತೆ ಕಂಡ ಶಾಟ್ ಒಂದರ ಬಗ್ಗೆ ನಮ್ಮಲ್ಲಿ ಬಿಸಿಬಿಸಿ ಚರ್ಚೆಯೇ ನಡೆದಿತ್ತು. ಪ್ಲಾಸ್ಮಾ ಆರಿದ ಮೇಲೆ ಎಲೆಕ್ಟ್ರಾನುಗಳಿರುವುದಿಲ್ಲ, ಗೆರೆ ಸೊನ್ನೆಗೆ ಮರಳಬೇಕು. ಬಾಲ ನೋಡಿದರೆ ಅದು ಸೊನ್ನೆಗಿಂತ ಸರಿಯಾಗಿ ಒಂದು ಸುತ್ತು ಕೆಳಗೆ ಕುಳಿತಿತ್ತು. ಆ ಸುತ್ತನ್ನು ಸೇರಿಸಿದೆವು, ಕುಸಿತ ಹೋಯಿತು.

ಬಾಲ ಪೂರ್ಣ ಸುತ್ತಿನಷ್ಟು ತಪ್ಪಿದ್ದರೆ ಎಣಿಕೆಯನ್ನು ಶಂಕಿಸಿ. ಸುತ್ತಿನ ಒಂದಂಶದಷ್ಟೇ ಉಳಿದಿದ್ದರೆ ವೇವ್‌ಗೈಡ್ (ಅಲೆಯನ್ನು ಸಾಗಿಸುವ ಲೋಹದ ಕೊಳವೆ) ಅಲುಗಿರಬಹುದು, ಇಲ್ಲವೇ ಅಲೆಯ ಮೂಲದ ಆವರ್ತನವೇ ಜರುಗಿರಬಹುದು. ಆಗ ಕೋಡ್ ಬಿಟ್ಟು ಸ್ಪ್ಯಾನರ್ ಹಿಡಿಯಬೇಕು. ಸೊನ್ನೆಗೆ ಮರಳಿದರೂ ಸಂಕೇತದ ಬಲವನ್ನೊಮ್ಮೆ ನೋಡಿ: ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಜಾರಿದ ಎರಡು ಸುತ್ತುಗಳು ಒಂದನ್ನೊಂದು ಮುಚ್ಚಿಹಾಕಿರಬಹುದು.

ಈಗ ನಮ್ಮ ಲಾಗ್‌ಬುಕ್‌ನಲ್ಲಿ ಪ್ರತಿ ಶಾಟ್‌ನ ಸಾಂದ್ರತೆಯ ಪಕ್ಕದಲ್ಲೇ ಬಾಲದ ಬೆಲೆಗೂ ಒಂದು ಕಾಲಂ ಇದೆ. ಅದು ಖಾಲಿ ಇದ್ದರೆ ಆ ಸಂಖ್ಯೆಯನ್ನು ನಾವು ಬೇರೆ ತಂಡಕ್ಕೆ ಕೊಡುವುದಿಲ್ಲ.