ವಾಟರ್ ಪಾರ್ಕಿಗೆ ಬುತ್ತಿ ಕಟ್ಟುವಾಗ

ಬಳ್ಳಾರಿ, ರಾಯಚೂರು ಕಡೆಯಿಂದ ಮಕ್ಕಳನ್ನು ಕರ್ಕೊಂಡು ವಾಟರ್ ಪಾರ್ಕಿಗೆ ಹೊರಡುವ ಮುನ್ನ ಫೋನ್ ಮಾಡಿ ಕೇಳಿ: ಬುತ್ತಿ ಒಳಗೆ ಬಿಡುತ್ತಾರಾ, ಊಟಕ್ಕೆ ಹೊರಗೆ ಹೋಗಿ ಮತ್ತೆ ಬರಬಹುದಾ? ಹಲವು ಪಾರ್ಕುಗಳಲ್ಲಿ ಹೊರಗಿನ ಊಟ ಗೇಟಿನಲ್ಲೇ ನಿಲ್ಲುತ್ತದೆ. ಕೂಸಿನ ಊಟಕ್ಕೆ ಸಾಮಾನ್ಯವಾಗಿ ತಡೆಯಿಲ್ಲ.

ಬಿಡುವುದಾದರೆ ಒಣಗಿ ಗರಿಗರಿಯಾದ ಕಟಕ್ ಜೋಳದ ರೊಟ್ಟಿ, ಸೇಂಗಾ ಹಿಂಡಿಯೇ (ಚಟ್ನಿಪುಡಿ) ಉತ್ತಮ. ನೀರಿನಂಶ ತೀರಾ ಕಡಿಮೆ ಇರುವುದರಿಂದ 40 ಡಿಗ್ರಿ ಬಿಸಿಲಲ್ಲೂ ಬೇಗ ಕೆಡುವುದಿಲ್ಲ. ಚಿತ್ರಾನ್ನ, ಪಲಾವ್ ಹಾಗಲ್ಲ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಬೇಯಿಸಿದ ಅಡುಗೆಯನ್ನು ತಂಪಿಲ್ಲದೆ ಒಂದು ತಾಸಿಗಿಂತ ಹೆಚ್ಚು ಇಡಬಾರದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬಿಡುವ ವಾಂತಿ ತರಿಸುವ ವಿಷ, ಮತ್ತೆ ಬಿಸಿ ಮಾಡಿದರೂ ಹೋಗದು! ಮೊಸರನ್ನ ಬೇಕೇ ಬೇಕೆಂದರೆ ರಾತ್ರಿಯೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಐಸ್ ಬಾಕ್ಸಿನಲ್ಲಿ ಒಯ್ಯಿರಿ.

ಮಂಡಕ್ಕಿ ಒಯ್ಯುವವರು ಒಗ್ಗರಣೆಯನ್ನು ಬೇರೆ ಡಬ್ಬಿಯಲ್ಲಿಡಿ, ತಿನ್ನುವಾಗ ಕಲಸಿ. ಮೊದಲೇ ಕಲಸಿದರೆ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ.

ಒಳಗೇ ತಿನ್ನಬೇಕಾದರೆ ಹೊಗೆಯಾಡುವ ಇಡ್ಲಿ, ಕಣ್ಣೆದುರೇ ಹಾಕಿದ ದೋಸೆ ಆರಿಸಿ. ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಚಟ್ನಿ ಮಕ್ಕಳಿಗೆ ಬೇಡವೇ ಬೇಡ. ಜನ ಸೇರುವ ಮೊದಲೇ, 12 ಗಂಟೆಗೆ ಊಟಕ್ಕೆ ಕೂತರೆ ಸಾಲೂ ಇರುವುದಿಲ್ಲ, ಅಡುಗೆಯೂ ಬಿಸಿಯಿರುತ್ತದೆ. ಉಂಡ ಮೇಲೆ ಮುಕ್ಕಾಲು ತಾಸಾದರೂ ತಿರುಗುವ ಆಟ ಹತ್ತಿಸಬೇಡಿ, ವಾಂತಿಯಾಗಬಹುದು. ನೀರಲ್ಲಿದ್ದಾಗ ಬಾಯಾರಿಕೆ ಗೊತ್ತಾಗದು, ಅರ್ಧ ತಾಸಿಗೊಮ್ಮೆ ಕರೆದು ನೀರೋ ಮಜ್ಜಿಗೆಯೋ ಕುಡಿಸಿ.